ಹೆಣ್ಣುಮರಿಯ ಲೆಕ್ಕ

ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟ ತುಂಬ ಬರೆದಿದ್ದಾರೆ. ಅಕ್ಷರ ಮುತ್ತು, ಕೋಪ ಕೆಂಡ. ಸಾರ ಇಷ್ಟು: "ನಾನು ಪಾಠ ಮಾಡಿದ ಶಾಲೆಯ ಹೆಂಚು ಒಡೆದು ನಾಲ್ಕು ವರ್ಷವಾಯಿತು, ರಿಪೇರಿಗೆ ಅನುದಾನವಿಲ್ಲ. ಆದರೆ ಸಂತಾನಹರಣ ಆಪರೇಷನ್ ಮಾಡಿಸಲು ಕೇಂದ್ರ ಸರ್ಕಾರ ನಾಯಿಗೆ ತಲಾ 800 ರೂಪಾಯಿ, ಬೆಕ್ಕಿಗೆ 600 ರೂಪಾಯಿ ಕೊಡುತ್ತದಂತೆ. ಬೆಕ್ಕಿಗೂ! ನಿಮ್ಮ ಪತ್ರಿಕೆ ಯಾಕೆ ಬಾಯಿ ಬಿಡುತ್ತಿಲ್ಲ? ಮೊನ್ನೆ ನಮ್ಮ ಮನೆ ಮೆಟ್ಟಿಲ ಕೆಳಗೇ ಒಂದು ಬೀದಿನಾಯಿ ಮರಿ ಹಾಕಿತ್ತು. ಮೂರು ಮರಿಗಳನ್ನು ಸಂತೆಮಾಳದಲ್ಲಿ ಬಿಟ್ಟು ಬಂದೆ. ಒಂದು ಪೈಸೆ ಖರ್ಚಾಗಲಿಲ್ಲ."

ಬಾಯಿ ಬಿಡುತ್ತೇನೆ ಮೇಷ್ಟ್ರೇ, ಆಮೇಲೆ ಬೇಸರ ಮಾಡಿಕೊಳ್ಳಬಾರದು.

ನಿಮ್ಮ ಪರವಾದ ಮಾತು ಮೊದಲು ಹೇಳಿ ಮುಗಿಸಿಬಿಡುತ್ತೇನೆ. ಹೆಂಚು ಸರಿಯಾಗಲೇಬೇಕು. ಶಾಲೆಗೆ ಹೊರಟ ಮಗುವನ್ನು ನಾಯಿ ಹಿಂಡು ಅಟ್ಟಿಸಿಕೊಂಡು ಹೋಗುವುದನ್ನು ಕಂಡವರಿಗೆ ಪ್ರಾಣಿದಯೆಯ ಭಾಷಣ ರುಚಿಸುವುದಿಲ್ಲ, ನನಗೂ ರುಚಿಸುವುದಿಲ್ಲ. ಈ ಹಣದಲ್ಲಿ ಸುಳ್ಳು ಲೆಕ್ಕ ಬರೆಯುವವರಿದ್ದಾರೆ ಎಂಬ ನಿಮ್ಮ ಗುಮಾನಿಯನ್ನೂ ತಳ್ಳಿಹಾಕುವುದಿಲ್ಲ. ಅದಕ್ಕೇ, ಆಪರೇಷನ್ನಿನಲ್ಲಿ ತೆಗೆದ ಅಂಗಗಳನ್ನು ಫಾರ್ಮಾಲಿನ್ ಡಬ್ಬಿಯಲ್ಲಿಟ್ಟು, ಉಸ್ತುವಾರಿ ಸಮಿತಿಯವರು ಎಣಿಸಿದ ಮೇಲೆ ಸುಡುವ ಪದ್ಧತಿ ಇದೆ. ನಮ್ಮ ರಸ್ತೆ ಕಾಮಗಾರಿಯ ಜಲ್ಲಿಯನ್ನು ಯಾರಾದರೂ ಹೀಗೆ ಎಣಿಸಿದ್ದನ್ನು ನೀವು ಕಂಡಿದ್ದೀರಾ?

ಇನ್ನು ನನ್ನ ಸರದಿ. ಮೂವತ್ತು ವರ್ಷದ ಹಿಂದೆ ನಮ್ಮ ಪ್ರೆಸ್ಸಿನ ಹಿತ್ತಲಲ್ಲಿ, ಕಾಗದದ ಬಂಡಲುಗಳ ಸಂದಿಯಲ್ಲಿ, ಒಂದು ಕಂದು ನಾಯಿ ಆರು ಮರಿ ಹಾಕಿತು. ಎರಡು ಗಂಡುಮರಿ ವಾರದೊಳಗೆ ಖಾಲಿ: ಒಂದು ತೋಟದ ಮನೆಗೆ, ಇನ್ನೊಂದು ಸಾಮಿಲ್ಲಿಗೆ. ಉಳಿದ ನಾಲ್ಕು ಹೆಣ್ಣು. "ಹೆಣ್ಣುನಾಯಿ ಸಾಕಿದರೆ ವರ್ಷಕ್ಕೆರಡು ಬಾಣಂತನ ಸ್ವಾಮಿ" ಎಂದು ಎಲ್ಲರೂ ಕೈ ಮುಗಿದರು. ಗೋಣಿಚೀಲಕ್ಕೆ ತುಂಬಿ ಸಂತೆಮಾಳಕ್ಕೆ ಬಿಟ್ಟು ಬಂದವನು ನಾನೇ, ನನ್ನದೇ ಸೈಕಲ್ಲಿನಲ್ಲಿ. ಮರುವರ್ಷ ಅಲ್ಲಿನ ಮಾಂಸದಂಗಡಿಗಳ ಹಿಂದೆ ನೋಡಿದರೆ ಅದೇ ಕಂದು ಬಣ್ಣ, ಹದಿನೈದಿಪ್ಪತ್ತು. ಆಗ ಊರಿನವರು ವಿಷ ಹಾಕಿಸಿದರು. ಆರು ತಿಂಗಳು ಸಂತೆಮಾಳ ತಣ್ಣಗಿತ್ತು. ಕಸ ಹಾಗೇ ಬಿದ್ದಿತ್ತಲ್ಲ, ಆಚೆ ಓಣಿಯ ನಾಯಿಗಳು ಬಂದು ಜಾಗ ಹಿಡಿದವು.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಮದರಾಸಿಗೆ ಹೋಗಬೇಕು. ಅಲ್ಲಿನ ಕಾರ್ಪೊರೇಷನ್ನು ಬ್ರಿಟಿಷರ ಕಾಲದಿಂದ ನಾಯಿ ಕೊಲ್ಲುತ್ತಲೇ ಇತ್ತು. ಸತ್ತ ನಾಯಿಗಳು ಎಷ್ಟೆಂದರೆ, ಅವುಗಳ ಚರ್ಮದಿಂದ ಪರ್ಸು, ಟೈ ಮಾಡಬಹುದೇ ಎಂದು ಚರ್ಮ ಸಂಶೋಧನಾ ಸಂಸ್ಥೆ ಪ್ರಯೋಗ ಮಾಡಿತ್ತು ಎಂದು ಅಲ್ಲಿನ ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆಯವರು ಹೇಳುತ್ತಾರೆ. ಆದರೂ ನಾಯಿ ಮುಗಿಯಲಿಲ್ಲ. ಕೊಲ್ಲುವ ಬದಲು ಆಪರೇಷನ್ ಮಾಡೋಣ ಎಂದು ಅದೇ ಬ್ಲೂ ಕ್ರಾಸ್ 1964ರಲ್ಲಿ ಕೇಳಿತು. ಕಾರ್ಪೊರೇಷನ್ ಒಪ್ಪಿದ್ದು 1996ರಲ್ಲಿ. ಇಡೀ ದೇಶಕ್ಕೆ ನಿಯಮ ಬಂದದ್ದು 2001ರಲ್ಲಿ, ಅದನ್ನು ತಿದ್ದಿ ಬರೆದದ್ದು 2023ರಲ್ಲಿ. ಜವಾಬ್ದಾರಿ ಸ್ಥಳೀಯ ಸಂಸ್ಥೆಯದು. ನೀವು ಕೆಂಡ ಕಾರಿದ 800 ರೂಪಾಯಿ ಬರೀ ಸಹಾಯಧನ. ಹಿಡಿಯುವ ವ್ಯಾನು, ಡಾಕ್ಟರು, ಅರಿವಳಿಕೆ, ಆಪರೇಷನ್ ಆದ ಮೇಲಿನ ನಾಲ್ಕು ದಿನದ ಆರೈಕೆ, ರೇಬೀಸ್ ಲಸಿಕೆ, ಕಿವಿಗೆ ಗುರುತು, ಮತ್ತೆ ಹಿಡಿದ ಬೀದಿಗೇ ಬಿಡುವುದು, ಇಷ್ಟೆಲ್ಲ 800ರಲ್ಲಿ ಮುಗಿಯುತ್ತದೆಯೇ?

ಫಲ ಇದೆಯೇ ಎಂದರೆ, ಬೆಂಗಳೂರನ್ನೇ ನೋಡಿ. ಪಾಲಿಕೆಯ 2019ರ ಗಣತಿಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿ, ಅರ್ಧದಷ್ಟಕ್ಕೆ ಆಪರೇಷನ್ ಆಗಿತ್ತು. 2023ರಲ್ಲಿ 2.79 ಲಕ್ಷ, ಆಪರೇಷನ್ ಆದವು ಶೇ. 72ರ ಹತ್ತಿರ. ಊರು ನಾಲ್ಕೂ ದಿಕ್ಕಿಗೆ ಉಬ್ಬುತ್ತಿರುವಾಗ ನಾಯಿ ಕಡಿಮೆಯಾಗಿದೆ. ಆದರೆ ಇದು ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವ ಕೆಲಸವಲ್ಲ. ಬಸುರಿನ ಕಾಲ ಎರಡೇ ತಿಂಗಳು. ಟೆಂಡರು ಮುಗಿದು, ಹೊಸ ಟೆಂಡರಿಗೆ ಸಹಿ ಬೀಳುವಷ್ಟರಲ್ಲಿ ಉಳಿದ ಹೆಣ್ಣುಗಳು ಹಳೆಯ ಲೆಕ್ಕವನ್ನೆಲ್ಲ ಅಳಿಸಿ ಹಾಕಿರುತ್ತವೆ. ಅರೆಬರೆ ಅನುದಾನವೇ ನಿಜವಾದ ದುಂದು. ನೀವು ಬೈಯಬೇಕಾದದ್ದು ಅದನ್ನು.

ಬೆಕ್ಕಿನ ವಿಷಯಕ್ಕೆ ನೀವು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೀರಿ. ಆರು ತಿಂಗಳ ಮರಿಯೇ ತಾಯಿಯಾಗುವ ಪ್ರಾಣಿ ಅದು, ಗೋಣಿಚೀಲದ ಪ್ರಯಾಣ ಅದಕ್ಕೂ ತಪ್ಪಿದ್ದಲ್ಲ. ಅಷ್ಟು ಸಾಕು.

ಇನ್ನೊಂದು ಕಿಸೆಯ ಲೆಕ್ಕವನ್ನೂ ನೋಡಬೇಕಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36 ನಮ್ಮ ದೇಶದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಚ್ಚಿಸಿಕೊಂಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕೈದು ಸಲ ಸೂಜಿ, ಗಾಯ ಆಳವಾಗಿದ್ದರೆ ಇಮ್ಯುನೊಗ್ಲೊಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದು ಬೇರೆ, ಕೂಲಿಯವನಿಗೆ ಅಷ್ಟು ದಿನದ ಕೂಲಿ ಖೋತಾ. ಅದೂ ನಿಮ್ಮ ತೆರಿಗೆಯೇ.

ನಮ್ಮಲ್ಲಿ ಸದ್ದು ಮಾಡುವ ಖರ್ಚಿಗೆ ಚರ್ಚೆ, ಸದ್ದಿಲ್ಲದ ಕೆಲಸಕ್ಕೆ ಮೌನ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಐದು ಸಾವಿರ ನಾಯಿಗಳಿಗೆ ಕೋಳಿ-ಅನ್ನ ಹಾಕಲು 2.88 ಕೋಟಿಯ ಯೋಜನೆ ಎಂದಾಗ ಟೀವಿಯವರೆಲ್ಲ ಎದ್ದು ನಿಂತರು. ನಾನು ಪೆನ್ನು ಹಿಡಿದು ಭಾಗಿಸಿದೆ. ತಲಾ 800ರಂತೆ 36,000 ನಾಯಿಯ ಸಹಾಯಧನ. ಖರ್ಚು ದುಪ್ಪಟ್ಟು ಹಿಡಿದರೂ 18,000. ಈ ಭಾಗಾಕಾರ ಯಾವ ಟೀವಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಮರು ತಿಂಗಳು ಸುಪ್ರೀಂ ಕೋರ್ಟು ದೆಹಲಿಯ ನಾಯಿಗಳನ್ನೆಲ್ಲ ಆಶ್ರಯಕೇಂದ್ರಕ್ಕೆ ಸಾಗಿಸಿ ಎಂದಿತು, ಹನ್ನೊಂದು ದಿನಕ್ಕೆ ಅದನ್ನು ತಿದ್ದಿ, ಆಪರೇಷನ್ ಮಾಡಿ ಅಲ್ಲಲ್ಲೇ ಬಿಡಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಿಂದ ಹಿಡಿದವನ್ನು ಮಾತ್ರ ವಾಪಸು ಬಿಡಬೇಡಿ ಎಂದಿತು. ಮೂರು ಸಲವೂ ಜನ ಎರಡು ಪಂಗಡವಾಗಿ ಕಿತ್ತಾಡಿದರು. ದಿನಕ್ಕೆ ಎಷ್ಟು ಆಪರೇಷನ್ ಮಾಡಬಲ್ಲ ಡಾಕ್ಟರುಗಳಿದ್ದಾರೆ ಎಂದು ಕೇಳಿದವರು ಕಡಿಮೆ. ಚರಂಡಿ ಹೂಳು, ಕೆರೆಯ ತೂಬು, ನಿಮ್ಮ ಶಾಲೆಯ ಹೆಂಚು, ಎಲ್ಲದರ ಹಣೆಬರಹ ಒಂದೇ. ಕಟ್ಟಿದ್ದಕ್ಕೆ ಟೇಪು ಕತ್ತರಿಸುತ್ತಾರೆ. ಹುಟ್ಟದೇ ಹೋದ ಮರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಹೇಗೆ? ಹೆಂಚಿನ ಹಣವನ್ನು ನಾಯಿ ತಿಂದಿಲ್ಲ ಮೇಷ್ಟ್ರೇ.

ನೀವು ಇತಿಹಾಸ ಪಾಠ ಮಾಡಿದವರು, ಆತಕೂರಿನ ಶಾಸನ ನಿಮಗೆ ನಾನು ಹೇಳಬೇಕೆ? ಹತ್ತನೆಯ ಶತಮಾನ, ಈಗಿನ ಮದ್ದೂರು ತಾಲ್ಲೂಕು. ದೊರೆ ಮೆಚ್ಚಿ ಬೇಡು ಎಂದಾಗ ಮಣಲೇರ ಎಂಬ ವೀರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿದ್ದಷ್ಟೇ ಅಲ್ಲ, ಆ ಕಲ್ಲಿನ ಪೂಜೆ ನಿಲ್ಲದಂತೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ಪಾಪ ಎಂದು ಕಲ್ಲಿನಲ್ಲೇ ಕೊರೆಸಿದರು. ನಾಯಿಯ ಹೆಸರಿನ ಅನುದಾನ, ಅದೂ ವರ್ಷ ವರ್ಷ ನಡೆಯುವಂಥದ್ದು, ಈ ನಾಡಿಗೆ ಹೊಸದೇನಲ್ಲ.

ಕೊನೆಗೆ ನಿಮ್ಮ ಮೆಟ್ಟಿಲ ಕೆಳಗಿನ ಸಂಸಾರಕ್ಕೆ ಬರೋಣ. ಮೂರು ಮರಿ ಬಿಟ್ಟು ಬಂದೆ ಎಂದಿದ್ದೀರಿ, ಗಂಡೋ ಹೆಣ್ಣೋ ಬರೆದಿಲ್ಲ. ತಾಯಿ ಇನ್ನೂ ಅಲ್ಲೇ ಇದೆಯೇ ಎಂಬುದನ್ನೂ ಬರೆದಿಲ್ಲ. ಇದ್ದರೆ ಪಶು ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ, ಅವರು ಏನಂದರೆಂದು ತಿಳಿಸಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.