ಡಿಸ್ಕ್ ಕಾಣವಲ್ದು ಅಂದ್ರ ಮೊದ್ಲ ಎಲ್ಲಿ ನೋಡ್ಬೇಕು?

ಪ್ರಶ್ನೆ: ನಮ್ದು ಬನಹಟ್ಟಿರಿ, ಪವರ್‌ಲೂಮ್ ಶೆಡ್ ಐತಿ. ಆರು ವರ್ಷದ ಲ್ಯಾಪ್‌ಟಾಪ್, ಹಳೇ ಟೈಪ್ ಹಾರ್ಡ್‌ಡಿಸ್ಕ್, ಸೀರಿ ಡಿಸೈನು, ನೂಲಿನ ಲೆಕ್ಕ, ಜಿಎಸ್‌ಟಿ ಫೈಲು ಎಲ್ಲಾ ಅದರಾಗ. ಹೋದ ವಾರದಿಂದ ಕರೀ ಸ್ಕ್ರೀನ್ ಮ್ಯಾಲ ನೋ ಬೂಟೆಬಲ್ ಡಿವೈಸ್ ಅಂತ ಬರಾಕತ್ತೇತಿ, ನಾಕೈದು ಸಲ ಆಫ್ ಆನ್ ಮಾಡಿದ್ರ ಒಮ್ಮೊಮ್ಮೆ ಚಾಲು ಆಗ್ತಿತ್ತು, ಮೊನ್ನಿಯಿಂದ ಅದೂ ಇಲ್ಲ. ವಿಂಡೋಸ್ ಹೊಸಾದು ಹಾಕಿಸ್ರಿ ಅಂತಾರ. ಹಾಕಿಸ್ಲೇನು?

ಉತ್ತರ: ಬ್ಯಾಡ್ರಿ. ಡಿಸ್ಕೇ ಕಾಣ್ಲಿಲ್ಲಂದ್ರ ವಿಂಡೋಸ್ ಎಲ್ಲಿ ಹಾಕ್ತಾರ? ಅಕಸ್ಮಾತ್ ಆ ಹೊತ್ತಿಗೆ ಕಂಡು ಫಾರ್ಮ್ಯಾಟ್ ಹೊಡದ್ರಂದ್ರ ನಿಮ್ಮ ನೂಲಿನ ಲೆಕ್ಕ ಅದ್ರ ಜೋಡಿನ ಹೋಗ್ತೈತಿ.

ಮೊದ್ಲ ಬಯೋಸ್ ಒಳಗ ನೋಡ್ರಿ, ಅಂದ್ರ ವಿಂಡೋಸ್ ಚಾಲು ಆಗೋಕಿಂತ ಮೊದ್ಲ ಬರೋ ಸೆಟ್ಟಿಂಗ್ ಸ್ಕ್ರೀನ್. ಪವರ್ ಬಟನ್ ಒತ್ತಿದ ಕೂಡ್ಲೇ ಎಫ್ 2 ಬಡಕೋತ ಇರ್ರಿ, ಎಚ್‌ಪಿ ಇದ್ರ ಎಫ್ 10. ಅಲ್ಲಿ ಡಿಸ್ಕಿನ ಹೆಸ್ರು, ಸೈಜು ಕಂಡ್ರ ಡಿಸ್ಕ್ ಉಸಿರಾಡಾಕತ್ತೇತಿ, ತೊಂದ್ರಿ ಯಾವ ಡಿಸ್ಕಿಂದ ಚಾಲು ಆಗ್ಬೇಕು ಅನ್ನೋ ಬೂಟ್ ಆರ್ಡರ್‌ದಾಗೋ ವಿಂಡೋಸ್‌ದಾಗೋ ಇರ್ತೈತಿ. ಖಾಲಿ ಇದ್ರ ಇಲ್ಲಾ ಕನೆಕ್ಷನ್, ಇಲ್ಲಾ ಡಿಸ್ಕ್. ನೀವು ಒಮ್ಮೊಮ್ಮೆ ಚಾಲು ಆಗ್ತಿತ್ತು ಅಂದ್ರಲ್ಲ, ಅದಕ್ಕ ನನಗ ಕೇಬಲ್ ಮ್ಯಾಲ ಸಂಶಯ, ಆದ್ರ ಸಾಯೋ ಡಿಸ್ಕೂ ಹಿಂಗ ಮಾಡ್ತಾವು, ಅದಕ್ಕ ಲೂಮ್ ಬಂದ್ ಇದ್ದಾಗ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ ಒಮ್ಮೆ ಕೇಳ್ರಿ. ಸುಂಯ್ ಅಂತ ತಿರುಗಿದ್ರ ಸರಿ. ಟಕ್ ಟಕ್ ಅಂತ ಒಂದೇ ತಾಳಕ್ಕ ಬಡದ್ರ ಅವಾಗಿಂದವಾಗ ಆಫ್ ಮಾಡಿ ಮತ್ತ ಆನ್ ಮಾಡಬ್ಯಾಡ್ರಿ, ಯಾಕಂದ್ರ ಒಳಗ ಡೇಟಾ ಓದೋ ಹೆಡ್ ಅನ್ನೋದು ತಿರುಗೋ ಪ್ಲೇಟ್ ಮ್ಯಾಲ ಕೂದಲೆಳಿಗಿಂತ ಸಾವಿರಾರು ಪಟ್ಟು ಸಣ್ಣ ಸಂದಿನಾಗ ಓಡಾಡ್ತಿರ್ತೈತಿ, ಕೆಟ್ಟ ಹೆಡ್ ಪ್ಲೇಟಿಗೆ ಹತ್ತಿದ್ರ ಗೀರಿ ಹಾಕ್ತೈತಿ. ಫ್ರಿಜ್‌ದಾಗ ಇಟ್ರ ಸರಿ ಹೋಗ್ತೈತಿ ಅನ್ನವ್ರು ಇನ್ನೂ ಅದಾರ, ತಂಪಿಗೆ ನೀರಿನ ಹನಿ ಕುಂತು ಇದ್ದದ್ದೂ ಹೋಗ್ತೈತಿ.

ಟಕ್ ಟಕ್ ಸಪ್ಪಳ ಇಲ್ಲಂದ್ರ ಚಾರ್ಜರ್ ತಗದು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತಗದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡೀರಿ. ಆಮ್ಯಾಲ ಡಿಸ್ಕಿಂದ ಬೋರ್ಡಿಗೆ ಹೋಗೋ ಕೇಬಲ್ ನೋಡ್ರಿ, ರಿಬ್ಬನ್ ಇದ್ದಂಗ ಚಪ್ಪಟಿ ಇರ್ತೈತಿ. ಶೆಡ್ಡಿಂದ ಬಂದ ಒಂದು ಲ್ಯಾಪ್‌ಟಾಪ್ ನಾ ಬಿಚ್ಚಿದ್ದೆ, ಫ್ಯಾನಿನಾಗ ದೀಪಕ್ಕ ಬತ್ತಿ ಹೊಸೀಬೇಕು ಅಷ್ಟು ಹತ್ತಿ, ಆ ರಿಬ್ಬನ್ ತುದಿ ಲಾಕಿಂದ ಅರ್ಧ ಎದ್ದು ಕುಂತಿತ್ತು. ದಿನಾ ಮಗ್ಗದ ಅದುರು ತಿಂದ್ರ ಇನ್ನೇನಾಗ್ತೈತಿ. ತಗದು, ತುದಿ ಒರಸಿ, ತಿರುಗಿ ಒತ್ತಿ ಕೂಡ್ಸಿದ್ದಷ್ಟ, ಡಿಸ್ಕ್ ಬಂತು. ನಿಮ್ದೂ ಇದ ಆಗಿರ್ಲಿ.

ಅದಕ್ಕೂ ಬಗ್ಗಲಿಲ್ಲಂದ್ರ ಡಿಸ್ಕ್ ಹೊರಗ ತಗದು 2.5 ಇಂಚಿನ ಸಾಟಾ ಯುಎಸ್‌ಬಿ ಕೇಸಿನಾಗ ಹಾಕಿ ಬ್ಯಾರೆ ಕಂಪ್ಯೂಟರಿಗೆ ಚುಚ್ಚ್ರಿ. ಅಲ್ಲಿ ಬಂದ್ರ ತಪ್ಪು ಕೇಬಲ್‌ದು ಇಲ್ಲಾ ಬೋರ್ಡಿಂದು. ಫಾರ್ಮ್ಯಾಟ್ ಮಾಡ್ಲಾ, ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿದ್ರ ಕ್ಯಾನ್ಸಲ್. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಕೀ ಕೇಳಿದ್ರ 48 ಅಂಕಿದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಾಗ ಹುಡುಕ್ರಿ. ಫೈಲ್ ಕಂಡ್ವು ಅಂದ್ರ ಮೊದ್ಲ ಜಿಎಸ್‌ಟಿದು ಮತ್ತ ಲೆಕ್ಕದ್ದು, ಆಮ್ಯಾಲ ಡಿಸೈನು, ಮದಿವಿ ಫೋಟೊ ಕಡೀಕ. ಕಾಪಿ ನಡುವ ನಿಂತು ನಿಂತು ಹೊಂಟ್ರ ಚೆಕ್‌ಡಿಸ್ಕ್ ಅನ್ನೋ ವಿಂಡೋಸ್ ರಿಪೇರಿ ಪ್ರೋಗ್ರಾಮ್ ಓಡಸಬ್ಯಾಡ್ರಿ, ಸಾಯೋ ಡಿಸ್ಕಿಗೆ ಅದು ಕೆಲಸ ಹೆಚ್ಚು ಹಚ್ಚಿ, ಫೈಲಿನ ಪಟ್ಟಿನೂ ತಿದ್ದಿ ಬಿಡ್ತೈತಿ. ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಮ್ ಹಾಕಿ ಇಡೀ ಡಿಸ್ಕಿನ ನಕಲು ತಗೀಬೇಕು, ಬರೋದಿಲ್ಲಂದ್ರ ಬರೋರ ಕೈಗೆ ಕೊಡ್ರಿ. ಡೇಟಾ ಹೊರಗ ಬಂದ ಮ್ಯಾಲ ಎಸ್‌ಎಸ್‌ಡಿ (ಚಿಪ್ಪಿನಾಗ ಡೇಟಾ ಇಡೋ ಹೊಸ ನಮೂನಿ ಡಿಸ್ಕ್) ಹಾಕಿಸ್ರಿ, ಅದರಾಗ ತಿರುಗೋದು ಏನೂ ಇಲ್ಲ, ಮಗ್ಗದ ಅದುರಿಗೆ ಅಂಜಂಗಿಲ್ಲ. ಆದ್ರ ಎಸ್‌ಎಸ್‌ಡಿ ಸಾಯೋವಾಗ ಟಕ್ ಟಕ್ ಅಂತ ಹೇಳಿ ಸಾಯಂಗಿಲ್ಲ, ಒಂದಿನ ಸುಮ್ನ ಕಾಣಂಗಿಲ್ಲ, ಅದಕ್ಕ ಲೆಕ್ಕದ ಫೋಲ್ಡರ್ ವಾರಕ್ಕೊಮ್ಮೆ ಬ್ಯಾರೆ ಕಡೆ ಹಾಕ್ರಿ, ಲ್ಯಾಪ್‌ಟಾಪ್ ಶೆಡ್ಡಿನ ಹೊರಗ ಇಟ್ರ ಇನ್ನೂ ಚಲೋ.

ಪ್ರಶ್ನೆ: ವಿಜಯಪುರದಾಗ ಡಿಗ್ರಿ ಓದಾಕತ್ತೀನಿ. 11ನೇ ಜನರೇಷನ್ ಇಂಟೆಲ್ ಲ್ಯಾಪ್‌ಟಾಪ್, ವಿಂಡೋಸ್ ಇಲ್ದ ತಗೊಂಡಿದ್ದೆ. ಪೆನ್‌ಡ್ರೈವಿಂದ ಹಾಕಾಕ ಹೋದ್ರ ಡ್ರೈವ್ ಲಿಸ್ಟ್ ಖಾಲಿ, ಬಯೋಸ್‌ದಾಗ ಮಾತ್ರ ಎಸ್‌ಎಸ್‌ಡಿ ಕಾಣ್ತೈತಿ. ಪೀಸ್ ಕೆಟ್ಟದ್ದು ಕೊಟ್ರೇನು?

ಉತ್ತರ: ಹೆಚ್ಚಾಗಿ ಇಲ್ಲ, ಅಂಗಡಿಯವ್ರ ಜೋಡಿ ಜಗಳಕ್ಕ ಹೋಗಬ್ಯಾಡ. ಆ ಜನರೇಷನ್ನಿಂದ ಭಾಳ ಮಷಿನ್‌ನಾಗ ಎಸ್‌ಎಸ್‌ಡಿ ಇಂಟೆಲ್‌ನ ವಿಎಂಡಿ ಅನ್ನೋ ಡಿಸ್ಕ್ ಕಂಟ್ರೋಲರ್ ಹಿಂದ ಕುಂತಿರ್ತೈತಿ, ಇನ್‌ಸ್ಟಾಲರ್‌ನಾಗ ಅದರ ಡ್ರೈವರ್ ಇಲ್ಲಂದ್ರ ಕಾಣಂಗಿಲ್ಲ. ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಆ ಡ್ರೈವರ್, ಇಂಟೆಲ್ ಆರ್‌ಎಸ್‌ಟಿ ಅಂತ ಹೆಸ್ರು, ಇಳಿಸಿ, ಬಿಚ್ಚಿದ ಫೋಲ್ಡರನ್ನ ಅದೇ ಪೆನ್‌ಡ್ರೈವಿಗೆ ಹಾಕಿ, ಡ್ರೈವ್ ಕೇಳೋ ಜಾಗದಾಗ ಲೋಡ್ ಡ್ರೈವರ್ ಒತ್ತಿ ತೋರ್ಸು. ಬಯೋಸ್‌ದಾಗ ವಿಎಂಡಿ ಬಂದ್ ಮಾಡಿದ್ರೂ ನಡೀತೈತಿ, ಆದ್ರ ವಿಂಡೋಸ್ ಹಾಕಿದ ಮ್ಯಾಲ ಆ ಬಟನ್ ಮುಟ್ಟಬ್ಯಾಡ, ಬೂಟ್ ಆಗದ ಬ್ಲೂ ಸ್ಕ್ರೀನ್ ಬರ್ತೈತಿ.

ಪ್ರಶ್ನೆ: ಗೋಕಾಕ. ಹೊಸ ಎಸ್‌ಎಸ್‌ಡಿ ಎರಡನೇದಂತ ಹಾಕೀನಿ, ದಿಸ್ ಪಿಸಿ ಒಳಗ ಬರವಲ್ದು.

ಉತ್ತರ: ಸ್ಟಾರ್ಟ್ ಬಟನ್ ಮ್ಯಾಲ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್. ಮ್ಯಾಲ ಬನಹಟ್ಟಿಯವ್ರಿಗೆ ಬ್ಯಾಡ ಅಂದದ್ದನ್ನ ನೀವು ಮಾಡ್ರಿ, ಹೊಸ ಡಿಸ್ಕ್ ಖಾಲಿ ಇರ್ತೈತಿ, ಕಳಕೊಳ್ಳೋದು ಏನಿಲ್ಲ. ಇನಿಶಿಯಲೈಸ್ ಕೊಟ್ಟು, ಜಿಪಿಟಿ ಆರಿಸಿ, ನ್ಯೂ ಸಿಂಪಲ್ ವಾಲ್ಯೂಮ್. ಒತ್ತೋಕಿಂತ ಮೊದ್ಲ ಸೈಜ್ ನೋಡಿ ಹೊಸಾದ ಅದು ಅಂತ ಗ್ಯಾರಂಟಿ ಮಾಡ್ಕೋರಿ.