ಮರಿ ತರುವ ಮುಂಚೆ ಅವರನ್ನು ಕೇಳಿ

ಪ್ರಶ್ನೆ: ನನಗೆ 54 ವರ್ಷ, ಯಜಮಾನರಿಗೆ 61. ಅವರು ನಿವೃತ್ತರಾಗಿ ಒಂದು ವರ್ಷವಾಯಿತು. ಆಗಿನಿಂದ ಮಾತೇ ಕಡಿಮೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಷ್ಟು ಹೊತ್ತೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬರೇ ಕೂತಿರುತ್ತಾರೆ. ಪುಟ್ಟ ನಾಯಿಮರಿ ತಂದರೆ ಅಪ್ಪ ಮೊದಲಿನಂತೆ ಆಗುತ್ತಾರೆ ಎಂದು ಬೇರೆ ಊರಿನಲ್ಲಿರುವ ಮಗಳು ಹೇಳುತ್ತಾಳೆ. ಜ್ಯಾಕ್ ರಸೆಲ್ ಟೆರಿಯರ್ ಮರಿಯೊಂದನ್ನು ನೋಡಿ ಬಂದಿದ್ದೇನೆ. ಆರು ವಾರದ್ದು. ಭಾನುವಾರದೊಳಗೆ ಒಯ್ಯದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಯಜಮಾನರನ್ನು ಕೇಳಿದರೆ ‘ಈಗ್ಯಾಕೆ ಅದೆಲ್ಲಾ’ ಅಂದುಬಿಡುತ್ತಾರೇನೋ ಎಂಬ ಭಯ. ಹೇಳದೆ ತಂದು ಅವರ ಮಡಿಲಲ್ಲಿ ಇಟ್ಟುಬಿಡಲೇ?

ಉತ್ತರ: ಬೇಡಮ್ಮಾ. ನಾಯಿಯೇ ಬೇಡ ಎನ್ನುತ್ತಿಲ್ಲ, ಹೇಳದೆ ತರುವುದು ಬೇಡ.

ಕಾರಣ ಇಷ್ಟೇ. ಮರಿ ತರುವುದು ನೀವು, ಸಾಕಬೇಕಾದದ್ದು ಅವರು. ಎರಡು ತಿಂಗಳ ಮರಿ ಮೂತ್ರ ತಡೆದುಕೊಳ್ಳುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಹೊರಗೆ ಕರೆದುಕೊಂಡು ಹೋಗಬೇಕು. ರಾತ್ರಿಯೂ ಏಳಬೇಕು. ಹಲ್ಲು ಬರುವ ಕಾಲಕ್ಕೆ ಚಪ್ಪಲಿ, ವೈರು, ಕುರ್ಚಿಯ ಕಾಲು ಎಲ್ಲವನ್ನೂ ಕಚ್ಚುತ್ತದೆ. ನೀವು ಸಂಜೆ ಬರುವಷ್ಟರಲ್ಲಿ ಇದೆಲ್ಲ ಆಗಿ ಮುಗಿದಿರುತ್ತದೆ. ನಾನು ಟೆರಿಯರ್ ಸಾಕಿದವಳು. ನಾನೇ ಹಂಬಲಿಸಿ ತಂದ ಮರಿ ಅದು. ಆದರೂ ಮೊದಲ ತಿಂಗಳಲ್ಲಿ ಒಂದು ರಾತ್ರಿ ನೆಲ ಒರೆಸುತ್ತಾ ಅತ್ತುಬಿಟ್ಟಿದ್ದೆ. ಕೇಳದೆಯೇ ಈ ಹೊಣೆ ಹೆಗಲಿಗೆ ಬಿದ್ದರೆ, ಮೊದಲೇ ಮನಸ್ಸು ಕುಗ್ಗಿರುವವರಿಗೆ ಹೇಗಾಗಬಹುದು ಯೋಚಿಸಿ.

ಇನ್ನು ನೀವು ನೋಡಿ ಬಂದ ತಳಿ. ‘ಪುಟ್ಟ ನಾಯಿ’ ಅಂದ ಕೂಡಲೇ ಮಡಿಲಲ್ಲಿ ಮಲಗುವ ನಾಯಿ ಎಂದುಕೊಳ್ಳುತ್ತೇವೆ, ಅಲ್ವಾ? ಟೆರಿಯರ್ ಎಂಬ ಹೆಸರು ಬಂದದ್ದೇ ನೆಲ ಎಂಬ ಅರ್ಥದ ಲ್ಯಾಟಿನ್ ಪದದಿಂದ. ನೆಲದೊಳಗಿನ ಬಿಲಕ್ಕೆ ನುಗ್ಗಿ ಬೇಟೆಯನ್ನು ಹೊರಗೆ ಅಟ್ಟಲೆಂದೇ ಬೆಳೆಸಿದ ನಾಯಿಗಳಿವು. ಜ್ಯಾಕ್ ರಸೆಲ್ ತಳಿಗೆ ಹೆಸರು ಬಂದದ್ದು 19ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಜಾನ್ ‘ಜ್ಯಾಕ್’ ರಸೆಲ್ ಅವರಿಂದ. ನರಿಬೇಟೆಯ ಹುಚ್ಚಿದ್ದವರು. ಕುದುರೆಗಳ ಜೊತೆ ಓಡಿ, ಬಿಲದಲ್ಲಿ ಅಡಗಿದ ನರಿಯನ್ನು ಎಬ್ಬಿಸುವ ನಾಯಿ ಅವರಿಗೆ ಬೇಕಿತ್ತು. ಆ ಗುಣ ಇವತ್ತಿಗೂ ಹೋಗಿಲ್ಲ. ಐದಾರು ಕಿಲೋ ತೂಕದ ಮೈಯಲ್ಲಿ ದೊಡ್ಡ ನಾಯಿಯ ಚುರುಕಿರುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಾಟ ಬೇಕು, ಜೊತೆಗೆ ತಲೆಗೂ ಕೆಲಸ ಬೇಕು. ಸಿಗದಿದ್ದರೆ ತೋಟ ಅಗೆಯುತ್ತದೆ, ಗೇಟಿನ ಬಳಿ ಯಾರು ಹೋದರೂ ಬೊಗಳುತ್ತದೆ. ಅದು ಕೆಟ್ಟ ನಾಯಿ ಅಲ್ಲ. ಕೆಲಸವಿಲ್ಲದೆ ಕೂತ ನಾಯಿ. ನಿಮ್ಮ ಯಜಮಾನರಿಗೆ ಅದರ ಸಂಕಟ ನಮಗಿಂತ ಚೆನ್ನಾಗಿ ಅರ್ಥವಾದೀತು. ಹಾಗಾಗಿ ಇಬ್ಬರೂ ಜೋಡಿಯಾಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಒಪ್ಪಿಗೆ ಅವರ ಬಾಯಿಂದಲೇ ಬರಬೇಕು.

ಅಷ್ಟು ಓಡಾಟ ಕಷ್ಟ ಎನ್ನುವುದಾದರೆ ಯಾರ್ಕ್‌ಶೈರ್ ಟೆರಿಯರ್ ಇದೆ. ಮೂರು ಕಿಲೋ ಆಸುಪಾಸು, ನಡಿಗೆಯೂ ಕಡಿಮೆ ಸಾಕು. ಉದ್ದ ಕೂದಲು ಬಿಟ್ಟರೆ ದಿನಾ ಬಾಚಬೇಕು. ಇಂಥ ಪುಟ್ಟ ತಳಿಗಳಲ್ಲಿ ಶ್ವಾಸನಾಳ ಸೂಕ್ಷ್ಮವಿರುತ್ತದೆ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆಯಬಾರದು, ಎದೆಗೆ ಹಾಕುವ ಹಾರ್ನೆಸ್ ಬೇಕು. ನನ್ನನ್ನು ಕೇಳಿದರೆ ನಿಮ್ಮ ಮನೆಗೆ ಮರಿಗಿಂತ ಮೂರ್ನಾಲ್ಕು ವರ್ಷದ ನಾಯಿಯೇ ವಾಸಿ. ಸಾಕಲಾಗದೆ ಬಿಟ್ಟುಕೊಡುವವರು, ಆಶ್ರಯ ಕೊಡುವ ಕೇಂದ್ರಗಳು ಎಲ್ಲ ಕಡೆ ಇವೆ. ಬೆಳೆದ ನಾಯಿಯ ಸ್ವಭಾವ ಎಂಥದ್ದು ಎಂದು ಮೊದಲೇ ಗೊತ್ತಾಗುತ್ತದೆ. ರಾತ್ರಿ ನಿದ್ದೆಯೂ ಕೆಡುವುದಿಲ್ಲ.

ಆ ಮಾರುವವರ ಬಗ್ಗೆಯೂ ನನಗೆ ಸಮಾಧಾನವಿಲ್ಲ. ಆರು ವಾರಕ್ಕೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಕಡೇಪಕ್ಷ ಎಂಟು ವಾರ ಆಗಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದೇ ಒಡಹುಟ್ಟಿದವುಗಳ ಜೊತೆ ಆಡುವಾಗ. ಬೇಗ ಬಿಡಿಸಿದ ಮರಿ ಮುಂದೆ ಅಂಜುಬುರುಕವಾಗಬಹುದು, ಕಚ್ಚುವ ಚಾಳಿ ಬೆಳೆಸಿಕೊಳ್ಳಬಹುದು. ತಾಯಿನಾಯಿಯನ್ನು ತೋರಿಸಿದರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಯಾರ ಹತ್ತಿರ ಕೊಂಡರೂ ತಾಯಿಯನ್ನು ಮರಿಗಳ ಜೊತೆಯಲ್ಲೇ ನೋಡಬೇಕು. ಜಂತುಹುಳುವಿನ ಔಷಧಿ, ಮರಿಗಳ ಜೀವ ತೆಗೆಯಬಲ್ಲ ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳಿಗೆ ಲಸಿಕೆ ಹಾಕಿದ ದಾಖಲೆ ಕೇಳಬೇಕು. ಲಸಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಸುಮಾರು 16 ವಾರದವರೆಗೆ ಕಂತು ಕಂತಾಗಿ ಇರುತ್ತದೆ. ಮರಿಯನ್ನು ಪ್ರೀತಿಸುವವರು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಭಾನುವಾರದ ಗಡುವು ಕೊಟ್ಟು ಅವಸರ ಮಾಡುವುದಿಲ್ಲ.

ಈಗ ನಿಮ್ಮವರ ವಿಷಯ. ಒಂದು ವರ್ಷದ ಮೌನ ಸಣ್ಣದಲ್ಲ. ನಿದ್ದೆ ಸರಿಯಾಗಿ ಬರುತ್ತಿದೆಯೇ? ಊಟ ಕಡಿಮೆಯಾಗಿದೆಯೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡವಾಗಿದೆಯೇ? ಹೌದಾದರೆ ದಯವಿಟ್ಟು ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಗೆ ಚಿಕಿತ್ಸೆ ಇದೆ. ಆ ಭಾರವನ್ನು ಒಂದು ಎಳೆಯ ಪ್ರಾಣಿಯ ಮೇಲೆ ಹಾಕಬಾರದು.

ಅವರು ‘ಬೇಡ’ ಅಂದರೂ ಯಾಕೆ ಎಂದು ಮೆಲ್ಲಗೆ ಕೇಳಿ. ಸಣ್ಣ ಟೆರಿಯರ್‌ಗಳು ಸಾಮಾನ್ಯವಾಗಿ 13ರಿಂದ 16 ವರ್ಷ ಬದುಕುತ್ತವೆ. ಆಗ ಅವರಿಗೆ 74ರಿಂದ 77 ವರ್ಷ ಆಗಿರುತ್ತದೆ. ‘ನನಗೇನಾದರೂ ಆದರೆ ಇದರ ಗತಿ ಏನು’ ಎಂಬ ಚಿಂತೆ ಅವರಿಗೆ ಇದ್ದರೂ ಇರಬಹುದು, ಬಾಯಿಬಿಟ್ಟು ಹೇಳಲಾರರು. ಅದಕ್ಕೆ ಉತ್ತರ ನಿಮ್ಮ ಮಗಳ ಹತ್ತಿರ ಇದೆ. ಸಲಹೆ ಕೊಟ್ಟವಳು ಅವಳೇ. ನಮ್ಮ ಕೈಲಾಗದಿದ್ದರೆ ನೀನು ನೋಡಿಕೊಳ್ಳುತ್ತೀಯಾ ಎಂದು ಈಗಲೇ ಕೇಳಿ.

ಇವತ್ತೇ ಮಾರುವವರಿಗೆ ಫೋನ್ ಮಾಡಿ, ಈ ಭಾನುವಾರ ಆಗುವುದಿಲ್ಲ ಎನ್ನಿ. ನಾಳೆಯಿಂದ ನೀವು ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ, ಸಂಜೆ ಬಂದ ಮೇಲೆ ಅರ್ಧ ಗಂಟೆ ಇಬ್ಬರೂ ನಡೆಯಲು ಹೋಗಿ. ನಾಯಿ ಬಂದರೆ ಹೇಗೂ ಹೋಗಲೇಬೇಕಾದ ನಡಿಗೆ ಅದು. ಮೂರು ವಾರ ಮಾಡಿ ನೋಡಿ. ದಾರಿಯಲ್ಲಿ ಯಾರದಾದರೂ ನಾಯಿ ಸಿಕ್ಕರೆ ನಿಲ್ಲಿ, ಅವರು ಬಗ್ಗಿ ಅದನ್ನು ಮುಟ್ಟುತ್ತಾರಾ ಗಮನಿಸಿ. ಮುಟ್ಟಿದರೆ ಆಗ ಮಾತು ತೆಗೆಯಿರಿ. ‘ತರುವುದೇನೂ ಬೇಡ, ಸುಮ್ನೆ ನೋಡಿ ಬರೋಣ ಬನ್ನಿ’ ಎಂದು ಕರೆದುಕೊಂಡು ಹೋಗಿ. ಯಾವ ನಾಯಿ ಎಂದು ಅವರೇ ಆರಿಸಲಿ.