ಹಾಡಿದವರ ಹೆಸರು

ಸಕಲೇಶಪುರದ ಓದುಗರೊಬ್ಬರು ಬರೆಯುತ್ತಾರೆ: “ಮೂಡಿಗೆರೆ ಕಡೆಯ ತೋಟದ ಮನೆಯೊಂದರಲ್ಲಿ ಗೆಳೆಯರನ್ನೆಲ್ಲ ಸೇರಿಸಿಕೊಂಡು ಎರಡನೆಯ ಆಲ್ಬಂ ಮಾಡುತ್ತಿರುವ ಹುಡುಗರಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ಸ್ಟುಡಿಯೋ ಇಲ್ಲ, ಸಂಭಾವನೆ ಪಡೆಯುವ ವಾದ್ಯಗಾರರಿಲ್ಲ, ಸೋಬಾನೆ ಪದಕ್ಕೆ ಗಿಟಾರು ಬೇರೆ. ಇದು ಆಲ್ಬಮ್ಮೋ, ಪಿಕ್‌ನಿಕ್ಕೋ?”

ಮಾನ್ಯರೇ,

ಗಿಟಾರಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ 2008ರಲ್ಲಿ ಬಂದ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರಿನೊಂದಿಗೆ ಹಾಡಿದರು. ಅದರಿಂದ ಶರೀಫರಿಗೆ ಮುಕ್ಕೇನೂ ಆಗಲಿಲ್ಲ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹೊರಗಿನ ಪೆಟ್ಟಿಗೆಯೇ ಆಗಿತ್ತಲ್ಲವೇ?

ಸ್ಟುಡಿಯೋ ಇಲ್ಲದಿರುವುದೂ ಹೊಸದಲ್ಲ. 1967ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಒಂದು ಮನೆಯ ನೆಲಮಾಳಿಗೆಯಲ್ಲಿ ಟೇಪ್ ಮಾಡಿಕೊಂಡ ಹಾಡುಗಳು 1975ರಲ್ಲಿ ಆಲ್ಬಮ್ಮಾಗಿ ಬಂದವು. ಮಲೆನಾಡಿನ ಮನೆಯ ತಾಪತ್ರಯಗಳೇ ಬೇರೆ, ಅದು ನಿಜ. ನಾನು ಅಲ್ಲಿಗೆ ಹೋಗಿದ್ದ ಮಧ್ಯಾಹ್ನ, ಪ್ರತಿಧ್ವನಿ ಅಡಗಲೆಂದು ಗೋಡೆಗೆ ಕಂಬಳಿ, ಕಿಟಕಿಗೆ ಹಾಸಿಗೆ ಕಟ್ಟಿದ್ದರೂ ಹೆಂಚಿನ ಮೇಲೆ ಮಳೆ ಶುರುವಾದೊಡನೆ ಎಲ್ಲರೂ ಕೈಕಟ್ಟಿ ಕೂರಬೇಕಾಯಿತು. ಥಂಡಿಗೆ ಸಡಿಲವಾದ ತಮಟೆಯನ್ನು ಅಡುಗೆಮನೆಯ ಒಲೆಯ ಮುಂದೆ ಕಾಯಿಸಿ ತರುವಷ್ಟರಲ್ಲಿ ಕರೆಂಟ್ ಹೋಗಿತ್ತು.

ಸೋಬಾನೆ ಹಾಡುವ ತಾಯಿಗೆ ಹೆಡ್‌ಫೋನ್ ಹಾಕಿ, ಲಯ ತಪ್ಪದಿರಲೆಂದು ಕಿವಿಯಲ್ಲಿ ಬಡಿಯುತ್ತಿರುವ ಕ್ಲಿಕ್ ಟ್ರ್ಯಾಕಿನ ಟಿಕ್‌ಟಿಕ್‌ಗೆ ಸರಿಯಾಗಿ ಹಾಡಬೇಕೆಂದು ಹುಡುಗರು ಹೇಳಿಕೊಟ್ಟಿದ್ದರು. ಆಕೆ ಎರಡು ಸಾಲಿಗೇ ನಿಲ್ಲಿಸಿ, “ಗಡಿಯಾರ ಕೇಳ್ಕೊಂಡು ಹಸೆಗೆ ಕರೆಯಕ್ಕಾಗುತ್ತಾ ಮಗಾ?” ಎಂದರು. ಹುಡುಗರು ಕ್ಲಿಕ್ ನಿಲ್ಲಿಸಿದರು, ಗಿಟಾರಿಗೆ ಕಾಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ ಆಕೆಯ ಶ್ರುತಿಗೆ ತಾವೇ ಬಂದರು, ಜೊತೆಯ ಹೆಂಗಸರು ಸೊಲ್ಲು ಎತ್ತಿಕೊಂಡರು. ಒಂದೇ ಸಲಕ್ಕೆ ಹಾಡು ಮುಗಿಯಿತು. ಗಂಟೆಗಿಷ್ಟು ಎಂದು ಬಾಡಿಗೆ ಕಟ್ಟುವ ಸ್ಟುಡಿಯೋದಲ್ಲಿ ಈ ಪುರುಸೊತ್ತು ಯಾರಿಗಿರುತ್ತಿತ್ತು?

ನಿಮ್ಮ ಪತ್ರದಲ್ಲಿ ನನಗೆ ನಾಟಿದ್ದು ಸಂಭಾವನೆಯ ಮಾತು. ಗೆಳೆಯರ ನಡುವೆ ಲೆಕ್ಕ ಎತ್ತಲು ಸಂಕೋಚವೆಂದು ಹುಡುಗರು ಯಾವುದನ್ನೂ ಬರೆದಿಟ್ಟಿಲ್ಲ. ಯಾರ ಪಾಲು ಎಷ್ಟೆಂಬುದನ್ನು ಮೈಕ್ ಮುಂದೆ ಕೂರುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಬೇಕಿತ್ತು. ಮ್ಯಾಂಡೊಲಿನ್ ನುಡಿಸಿದ ಗೆಳೆಯ ನಾಳೆ ಫೋನ್ ಮಾಡಿ ಜಗಳವಾಡಬಲ್ಲ. ತೋಟದ ಕೂಲಿಗಾರರ ಲೈನ್ ಮನೆಗೆ ಹಿಂತಿರುಗಿದ ಆ ತಾಯಿ ಯಾರನ್ನು ಕೇಳಬೇಕು? ಸೋಬಾನೆಯನ್ನು ಕಟ್ಟಿದವರ ಹೆಸರು ತಿಳಿಯದಿರಬಹುದು, ಆದರೆ ಹಾಡಿದವರಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 50 ವರ್ಷಗಳ ಹಕ್ಕಿದೆ. ಹಾಡಿದ್ದು ತಾನೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿದೆ. ಆಲ್ಬಮ್ಮಿನ ಹೆಸರುಪಟ್ಟಿಯೆಂದು ಹುಡುಗರು ತೋರಿಸಿದ ಕರಡಿನಲ್ಲಿ ಕಾಫಿ ಮಾಡಿಕೊಟ್ಟವರ ಹೆಸರೂ ಇತ್ತು, ಆಕೆಯ ಜಾಗದಲ್ಲಿ ಮಾತ್ರ ‘ಜನಪದ ಗಾಯಕಿ’ ಎಂದಷ್ಟೇ ಇತ್ತು.

ಅವರನ್ನು ಆಕ್ಷೇಪಿಸುವ ಮುನ್ನ ಒಪ್ಪಿಕೊಳ್ಳಬೇಕು: ನಮ್ಮ ಎರಡು ಪುಟಗಳಲ್ಲೂ ಆಕೆಯ ಹೆಸರಿರಲಿಲ್ಲ. ಆಕೆಯನ್ನು ಕೇಳಿ, ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಫೋಟೋ ಸಮೇತ ಪ್ರಕಟಿಸುತ್ತೇವೆ.

– ಸಂಪಾದಕ